ರಕ್ತ ಯಾರಿಗೆ ಇಳಿಯುತ್ತದೆ? ರೈಬಾವಿರಿನ್ ಮತ್ತು ಒಂದು ಜೀನ್‌ನ ಪ್ರಕರಣ

ಲಿವರ್‌ಗೆ ತಗಲುವ ವೈರಸ್ ಸೋಂಕು ಹೆಪಟೈಟಿಸ್ ಸಿ ಈಗ 12 ವಾರದ ಮಾತ್ರೆಯಲ್ಲಿ ಗುಣವಾಗುವ ಕಾಯಿಲೆ. 2000ರ ದಶಕದಲ್ಲಿ ಹಾಗಿರಲಿಲ್ಲ. ವಾರಕ್ಕೊಂದು ಪೆಗ್‌ಇಂಟರ್‌ಫೆರಾನ್ (ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಔಷಧಿ) ಇಂಜೆಕ್ಷನ್, ದಿನಕ್ಕೆ ಎರಡು ಹೊತ್ತು ರೈಬಾವಿರಿನ್ ಮಾತ್ರೆ. ವೈರಸ್ ಜೀನೋಟೈಪ್ 1 ಎಂಬ ತಳಿಯದಾಗಿದ್ದರೆ ಇದು 48 ವಾರ ನಡೆಯಬೇಕು. ಚಳಿಜ್ವರ, ನಿದ್ದೆಗೇಡು, ಮನಸ್ಸಿಗೆ ಮಂಕು. ಇಷ್ಟೆಲ್ಲ ಅನುಭವಿಸಿದ ಮೇಲೂ ಗುಣವಾಗುತ್ತಿದ್ದವರು ನೂರಕ್ಕೆ ಸುಮಾರು 40 ಜನ.

ಮಧ್ಯೆ ಇನ್ನೊಂದು ಕಾಟವಿತ್ತು. ಶುರು ಮಾಡಿದ ತಿಂಗಳೊಳಗೆ ರಕ್ತ ಕಮ್ಮಿಯಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ. ಕೆಲವರಿಗೆ ಹಿಮೋಗ್ಲೋಬಿನ್ 1 ಗ್ರಾಂ ಇಳಿದು ಅಲ್ಲೇ ನಿಲ್ಲುತ್ತಿತ್ತು. ಕೆಲವರಿಗೆ 4, 5 ಗ್ರಾಂ ಇಳಿಯುತ್ತಿತ್ತು. (ಇಲ್ಲಿ ಗ್ರಾಂ ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ ಇರುವಷ್ಟು.) ಅದೇ ಔಷಧಿ, ಅದೇ ಡೋಸ್, ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ? ಮೊದಲೇ ಗೊತ್ತು ಮಾಡಿಕೊಳ್ಳಲು ಆಗುತ್ತದಾ?

2010ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಔಷಧಿಯ ಅಡ್ಡಪರಿಣಾಮವನ್ನು ಜೀನ್ ನೋಡಿ ಹೇಳುವ ವಿಷಯದಲ್ಲಿ ಅಷ್ಟು ಗಟ್ಟಿ ಉತ್ತರ ಸಿಕ್ಕಿದ್ದು ಬಹಳ ಅಪರೂಪ. ಆದರೂ ಆ ಪರೀಕ್ಷೆ ದಿನನಿತ್ಯದ ಚಿಕಿತ್ಸೆಯೊಳಗೆ ಬರಲೇ ಇಲ್ಲ. ನನಗೆ ಈ ಪ್ರಕರಣದಲ್ಲಿ ಕುತೂಹಲ ಇರುವುದು ಅಲ್ಲೇ.

ಕೆಂಪು ಕಣದೊಳಗೆ ಏನಾಗುತ್ತದೆ

ರೈಬಾವಿರಿನ್ ಹೊಸ ಔಷಧಿಯಲ್ಲ. 1972ರಲ್ಲೇ ಅದರ ವೈರಸ್ ನಿರೋಧಕ ಗುಣದ ವರದಿ ಬಂದಿತ್ತು. ಹೆಪಟೈಟಿಸ್ ಸಿ ವೈರಸ್ ಗುರುತಾಗಿದ್ದು 1989ರಲ್ಲಿ. ಇಂಟರ್‌ಫೆರಾನ್ ಜೊತೆ ರೈಬಾವಿರಿನ್ ಸೇರಿಸಿ ಕೊಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಬರೀ ಇಂಟರ್‌ಫೆರಾನ್ ಕೊಟ್ಟರೆ ವೈರಸ್ ಹೋದಂತೆ ಮಾಡಿ ಮತ್ತೆ ತಲೆ ಎತ್ತುತ್ತಿತ್ತು. ರೈಬಾವಿರಿನ್ ಸೇರಿದ ಮೇಲೆ ಮರುಕಳಿಸುವುದು ಕಡಿಮೆಯಾಯಿತು. ಹಾಗಾಗಿ ಅದನ್ನು ಬಿಡುವ ಹಾಗಿರಲಿಲ್ಲ.

ತೊಂದರೆ ಶುರುವಾಗುವುದು ಅದು ಕೆಂಪು ರಕ್ತಕಣದೊಳಗೆ ಹೋದಾಗ. ಒಳಗೆ ಹೋದ ರೈಬಾವಿರಿನ್‌ಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಬೇರೆ ಜೀವಕೋಶಗಳು ಆ ಫಾಸ್ಫೇಟ್ ಕಿತ್ತು ಔಷಧಿಯನ್ನು ಹೊರಗೆ ಕಳಿಸಬಲ್ಲವು. ಕೆಂಪು ಕಣಕ್ಕೆ ಆ ಶಕ್ತಿ ಇಲ್ಲ. ಒಳಗೆ ಹೋದದ್ದು ಒಳಗೇ ಉಳಿಯುತ್ತದೆ, ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ, ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಔಷಧಿ ಕೆಂಪು ಕಣದಲ್ಲಿ ಸೇರಿರುತ್ತದೆ. ಅಲ್ಲಿಂದ ಅರ್ಧದಷ್ಟು ಖಾಲಿಯಾಗಲು ಸುಮಾರು 40 ದಿನ ಬೇಕು. ಇವತ್ತು ಡೋಸ್ ಇಳಿಸಿದರೆ ನಾಳೆಯೇ ರಕ್ತ ಏರುವುದಿಲ್ಲ ಅನ್ನೋದಕ್ಕೆ ಕಾರಣ ಇದೇ.

ಔಷಧಿ ತುಂಬಿದ ಕಣದಲ್ಲಿ ಎಟಿಪಿ, ಅಂದರೆ ಕಣದ ಶಕ್ತಿಯ ದಾಸ್ತಾನು, ಕರಗುತ್ತದೆ. ಕಣದ ಹೊರಪೊರೆ ಹಾಳಾಗುತ್ತದೆ. ಗುಲ್ಮ ಅಂಥ ಕಣಗಳನ್ನು ಹುಡುಕಿ ಹುಡುಕಿ ಒಡೆದು ಹಾಕುತ್ತದೆ. ಸಾಮಾನ್ಯವಾಗಿ ಹೀಗಾದಾಗ ಮೂಳೆಮಜ್ಜೆ ಎಚ್ಚೆತ್ತು ಹೊಸ ಕಣಗಳನ್ನು ಮಾಡಿ ಕಳಿಸುತ್ತದೆ. ಆದರೆ ಜೊತೆಗಿರುವ ಇಂಟರ್‌ಫೆರಾನ್ ಮಜ್ಜೆಯ ಕೈ ಕಟ್ಟಿಹಾಕಿರುತ್ತದೆ. ಒಂದು ಕಡೆ ಒಡೆಯುವುದು, ಇನ್ನೊಂದು ಕಡೆ ತಯಾರಾಗದಿರುವುದು. ಎರಡೂ ಸೇರಿ ಮೊದಲ 4 ವಾರದಲ್ಲಿ ಹಿಮೋಗ್ಲೋಬಿನ್ ಸರಾಸರಿ 2ರಿಂದ 3 ಗ್ರಾಂ ಕುಸಿಯುತ್ತದೆ. ಆಮೇಲೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಔಷಧಿಯ ಲೇಬಲ್‌ನಲ್ಲಿ ಗಡಿ ಸ್ಪಷ್ಟವಾಗಿತ್ತು. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಹೋದರೆ ಡೋಸನ್ನು ದಿನಕ್ಕೆ 600 ಮಿಲಿಗ್ರಾಂಗೆ ಇಳಿಸಿ. 8.5ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಿ. ಹೃದಯದ ಕಾಯಿಲೆ ಇರುವವರಿಗೆ ನಾಲ್ಕು ವಾರದಲ್ಲಿ 2 ಗ್ರಾಂ ಇಳಿದರೂ ಸಾಕು, ಡೋಸ್ ಇಳಿಸಬೇಕು.

ಜೀನ್‌ಗೆ ಹೋಗುವ ಮೊದಲು, ಕಾಗದ ಪೆನ್ನಿನಲ್ಲಿ ಎಷ್ಟು ಹೇಳಬಹುದು?

ಇಬ್ಬರು ರೋಗಿಗಳನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಒಬ್ಬರು 58 ವರ್ಷದ ಹೆಂಗಸು, ತೂಕ 52 ಕಿಲೋ, ಹಿಮೋಗ್ಲೋಬಿನ್ 12.8. ಇನ್ನೊಬ್ಬ 35 ವರ್ಷದ ಗಂಡಸು, 74 ಕಿಲೋ, ಹಿಮೋಗ್ಲೋಬಿನ್ 15.6. ಇಬ್ಬರ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕುವ ಕಸ) ಕೂಡ 0.9. ಲ್ಯಾಬ್ ರಿಪೋರ್ಟಿನಲ್ಲಿ ಇಬ್ಬರ ಕಿಡ್ನಿಯೂ ನಾರ್ಮಲ್.

ಪೆಗ್‌ಇಂಟರ್‌ಫೆರಾನ್ ಆಲ್ಫಾ-2ಎ ಜೊತೆ ಕೊಡುವಾಗ ನಿಯಮ ಇಷ್ಟೇ ಇತ್ತು: ತೂಕ 75 ಕಿಲೋಗಿಂತ ಕಡಿಮೆಯಾದರೆ ರೈಬಾವಿರಿನ್ ದಿನಕ್ಕೆ 1000 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಾದರೆ 1200. ಅಂದರೆ ಇಬ್ಬರಿಗೂ 1000. ಆ ಗಂಡಸಿಗೆ ಅದು ಕಿಲೋಗೆ 13.5 ಮಿಲಿಗ್ರಾಂ ಆಯಿತು. ಹೆಂಗಸಿಗೆ 19ಕ್ಕೂ ಜಾಸ್ತಿ.

ಈಗ ಕಿಡ್ನಿ. ರೈಬಾವಿರಿನ್ ದೇಹದಿಂದ ಹೊರಹೋಗುವ ಮುಖ್ಯ ದಾರಿ ಅದೇ. ಹಳೆಯ ಕಾಕ್‌ಕ್ರಾಫ್ಟ್-ಗಾಲ್ಟ್ ಲೆಕ್ಕ ಹಾಕಿ ನೋಡೋಣ. 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ಹೆಂಗಸರಾದರೆ 0.85ರಿಂದ ಗುಣಿಸಬೇಕು. ಗಂಡಸಿಗೆ ನಿಮಿಷಕ್ಕೆ ಸುಮಾರು 120 ಮಿಲಿಲೀಟರ್ ಬರುತ್ತದೆ. ಹೆಂಗಸಿಗೆ 56. ಒಂದೇ ಕ್ರಿಯಾಟಿನಿನ್, ಆದರೆ ತೊಳೆದು ಹಾಕುವ ಶಕ್ತಿ ಅರ್ಧಕ್ಕೂ ಕಡಿಮೆ.

ಹಾಗಾಗಿ ಆ ಹೆಂಗಸಿಗೆ ಕಿಲೋ ಲೆಕ್ಕದಲ್ಲಿ ಡೋಸ್ ಜಾಸ್ತಿ, ಹೊರಹೋಗುವುದು ಕಡಿಮೆ, ಶುರುವಿನ ರಕ್ತವೂ ಕಡಿಮೆ. ಸರಾಸರಿಯಂತೆ 3 ಗ್ರಾಂ ಇಳಿದರೆ 9.8ಕ್ಕೆ ಬಂದು ನಿಲ್ಲುತ್ತಾರೆ, ಡೋಸ್ ಇಳಿಸುವ ಗೆರೆ ದಾಟಿದಂತಾಯಿತು. ಆ ಗಂಡಸಿಗೆ 4.5 ಗ್ರಾಂ ಇಳಿದರೂ 11.1. ಗೆರೆ ದಾಟಲಿಲ್ಲ. ಆದರೆ ತಿಂಗಳೊಳಗೆ 4.5 ಗ್ರಾಂ ಕಳಕೊಂಡ ಮನುಷ್ಯ ಎಷ್ಟು ಸುಸ್ತಾಗಿರುತ್ತಾನೆ ಅಂತ ಆ ಗೆರೆ ಹೇಳುವುದಿಲ್ಲ, ಅಲ್ವಾ?

ಎಷ್ಟು ಇಳಿಯುತ್ತದೆ ಅನ್ನುವುದು ಒಂದು ಪ್ರಶ್ನೆ. ಎಲ್ಲಿಗೆ ಇಳಿಯುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಬೆರೆಸಿದ್ದರಿಂದ ಮುಂದೆ ಸಾಕಷ್ಟು ಗೊಂದಲ ಆಯಿತು. ಜೀನ್ ಉತ್ತರ ಕೊಟ್ಟಿದ್ದು ಮೊದಲನೆಯದಕ್ಕೆ.

20ನೇ ವರ್ಣತಂತುವಿನ ಮೂಲೆಯಲ್ಲಿ

ಐಡಿಯಲ್ ಅನ್ನುವ ದೊಡ್ಡ ಪ್ರಯೋಗ ಅಮೆರಿಕದ 118 ಕೇಂದ್ರಗಳಲ್ಲಿ ನಡೆಯಿತು. 3,070 ರೋಗಿಗಳು, ಎಲ್ಲರೂ ಜೀನೋಟೈಪ್ 1. ಎರಡು ಕಂಪನಿಗಳ ಪೆಗ್‌ಇಂಟರ್‌ಫೆರಾನ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ನೋಡುವುದು ಉದ್ದೇಶ. ಫಲಿತಾಂಶ 2009ರಲ್ಲಿ ಬಂತು: ಅಂಥ ವ್ಯತ್ಯಾಸವೇನೂ ಇಲ್ಲ. ಕೋಟಿಗಟ್ಟಲೆ ಖರ್ಚು ಮಾಡಿ ಸಿಕ್ಕಿದ್ದು ಸಪ್ಪೆ ಉತ್ತರ. ಆದರೆ ರೋಗಿಗಳಲ್ಲಿ ಅನೇಕರು ಡಿಎನ್‌ಎ ಪರೀಕ್ಷೆಗೂ ಒಪ್ಪಿಗೆ ಕೊಟ್ಟಿದ್ದರು. ನಿಜವಾದ ಫಸಲು ಬಂದಿದ್ದು ಅಲ್ಲಿಂದ.

ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಜಾನ್ ಮೆಕ್‌ಹಚಿಸನ್ ಅವರ ತಂಡ ಆ ಡಿಎನ್‌ಎ ಜಾಲಾಡಿತು. 2009ರಲ್ಲಿ ಮೊದಲ ಫಲ: ಐಎಲ್28ಬಿ ಜೀನ್ ಬಳಿಯ ಒಂದು ಅಕ್ಷರ ನೋಡಿ ಯಾರು ಗುಣವಾಗುವ ಸಾಧ್ಯತೆ ಹೆಚ್ಚು ಎಂದು ಹೇಳಬಹುದು. 2010ರಲ್ಲಿ ಎರಡನೆಯದು, ಜಾಕ್ ಫೆಲೇ ಮೊದಲ ಲೇಖಕರಾಗಿ 'ನೇಚರ್' ಪತ್ರಿಕೆಯಲ್ಲಿ. ಸುಮಾರು 1,300 ರೋಗಿಗಳ ಇಡೀ ಜೀನೋಮ್‌ನುದ್ದಕ್ಕೂ ಗುರುತು ಬಿಂದುಗಳನ್ನು ನೋಡಿ, 4ನೇ ವಾರಕ್ಕೆ ಹಿಮೋಗ್ಲೋಬಿನ್ ಎಷ್ಟು ಇಳಿಯಿತು ಎಂಬುದರ ಜೊತೆ ತಾಳೆ ಹಾಕಿದರು. 20ನೇ ವರ್ಣತಂತುವಿನಲ್ಲಿ ಒಂದು ಬಿಂದು ಎದ್ದು ನಿಂತಿತು. ಅದು ಆಕಸ್ಮಿಕವಾಗಿ ಹಾಗೆ ಕಾಣುವ ಸಾಧ್ಯತೆ ಬರೆಯಬೇಕಾದರೆ ದಶಮಾಂಶ ಬಿಂದುವಿನ ನಂತರ 44 ಸೊನ್ನೆ ಹಾಕಬೇಕು. ಇಂಥ ಅಧ್ಯಯನಗಳಲ್ಲಿ ನಂಬಲು 7 ಸೊನ್ನೆ ಇದ್ದರೆ ಸಾಕು ಅನ್ನುವುದು ರೂಢಿ.

ಆದರೆ ಆ ಬಿಂದು ತಾನಾಗಿ ಏನನ್ನೂ ಮಾಡುವಂಥದ್ದಲ್ಲ. ಅದು ಕೂತಿರುವುದು ಪಕ್ಕದ ಇನ್ನೊಂದು ಜೀನ್‌ನಲ್ಲಿ. ತಂಡ ಅಕ್ಕಪಕ್ಕ ಹುಡುಕಿತು. ಹತ್ತಿರದಲ್ಲೇ ಐಟಿಪಿಎ ಎಂಬ ಜೀನ್ ಇತ್ತು. ಅದರಲ್ಲಿ ಎರಡು ಬದಲಾವಣೆಗಳು 2002ರಿಂದಲೇ ಗೊತ್ತಿದ್ದವು. ಒಂದು, ಪ್ರೋಟೀನಿನ 32ನೇ ಜಾಗದಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲದ ಬದಲು ಥ್ರಿಯೋನಿನ್ ಕೂರುವುದು. ಇನ್ನೊಂದು, ಜೀನ್‌ನ ತುಂಡುಗಳನ್ನು ಜೋಡಿಸುವ ಕಡೆ ಎಡವಟ್ಟು. ಎರಡೂ ಐಟಿಪೇಸ್ ಎಂಬ ಕಿಣ್ವದ ಕೆಲಸ ಕುಗ್ಗಿಸುತ್ತವೆ. ಮೊದಲನೆಯದರ ಒಂದು ಪ್ರತಿ ಇದ್ದರೆ ಕಿಣ್ವದ ಶಕ್ತಿ ಸುಮಾರು 25 ಶೇಕಡಾ ಉಳಿಯುತ್ತದೆ, ಎರಡು ಪ್ರತಿ ಇದ್ದರೆ ಸೊನ್ನೆ. ಎರಡನೆಯದರ ಒಂದು ಪ್ರತಿ ಇದ್ದರೆ ಸುಮಾರು 60 ಶೇಕಡಾ. ಎರಡೂ ಒಂದೊಂದು ಇದ್ದರೆ 10ರ ಆಸುಪಾಸು. ಈ ಎರಡನ್ನು ಲೆಕ್ಕಕ್ಕೆ ತಂದ ಮೇಲೆ ಆ ಮೊದಲ ಬಿಂದುವಿಗೆ ಸ್ವಂತ ಮಹತ್ವ ಉಳಿಯಲಿಲ್ಲ.

ಮಜಾ ಇರುವುದು ದಿಕ್ಕಿನಲ್ಲಿ. ಕಿಣ್ವ ಕುಂದಿದವರಿಗೆ ತೊಂದರೆ ಜಾಸ್ತಿ ಅಂತ ಯಾರಾದರೂ ಊಹಿಸುತ್ತಾರೆ. ಇಲ್ಲಿ ಉಲ್ಟಾ. ಕಿಣ್ವ ಎಷ್ಟು ಕಡಿಮೆಯೋ ರಕ್ತ ಅಷ್ಟು ಕಡಿಮೆ ಇಳಿಯಿತು. ಐಟಿಪೇಸ್ ಕೊರತೆ ಇರುವವರು ತಮಗೆ ಅದು ಇದೆ ಅಂತಲೇ ಗೊತ್ತಿಲ್ಲದೆ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಅವರ ಕೆಂಪು ಕಣಗಳಲ್ಲಿ ಐಟಿಪಿ ಎಂಬ ಅಣು ಸೇರಿಕೊಂಡಿರುತ್ತದೆ, ಯಾಕೆಂದರೆ ಅದನ್ನು ಒಡೆಯುವ ಕಿಣ್ವ ಮಂದ. ಕಣಕ್ಕೆ ಎಟಿಪಿ ತಯಾರಿಸುವ ಒಂದು ಹಂತದಲ್ಲಿ ಜಿಟಿಪಿ ಎಂಬ ಇನ್ನೊಂದು ಅಣು ಬೇಕು. ರೈಬಾವಿರಿನ್ ಆ ಜಿಟಿಪಿಯನ್ನು ಬರಿದು ಮಾಡುತ್ತದೆ. ಐಟಿಪಿ ದಾಸ್ತಾನು ಇರುವವರಲ್ಲಿ ಅದೇ ಜಿಟಿಪಿಯ ಜಾಗಕ್ಕೆ ನಿಂತು ಕೆಲಸ ನಡೆಸಿಕೊಂಡು ಹೋಗುತ್ತದೆ. ಇದನ್ನು ಜಪಾನಿನ ಸಂಶೋಧಕರು 2011ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು.

ಜಪಾನಿನಲ್ಲಿ ಈ ವಿಷಯಕ್ಕೆ ಹೆಚ್ಚು ಬೆಲೆ ಸಿಕ್ಕಿದ್ದು ಸಹಜ. ಅಲ್ಲಿನ ಹೆಪಟೈಟಿಸ್ ಸಿ ರೋಗಿಗಳಲ್ಲಿ ವಯಸ್ಸಾದವರು ಜಾಸ್ತಿ, ತೂಕ ಕಡಿಮೆ. ನಮ್ಮ ಕಾಗದದ ಲೆಕ್ಕದ ಆ ಹೆಂಗಸಿನಂಥವರೇ ಎಲ್ಲೆಲ್ಲೂ. ಜೋಡಣೆಯ ಎಡವಟ್ಟು ಅಲ್ಲಿ ಕಾಣಸಿಗುವುದಿಲ್ಲ, ಆದರೆ 32ನೇ ಜಾಗದ ಬದಲಾವಣೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದೆ. 2010ರಲ್ಲೇ ಅಲ್ಲಿಯೂ ಅದೇ ಜೀನ್ ಸಿಕ್ಕಿತು. ಶುರುವಿನ ಹಿಮೋಗ್ಲೋಬಿನ್, ಕಿಡ್ನಿಯ ಲೆಕ್ಕ, ಈ ಜೀನ್ ಮೂರನ್ನೂ ಸೇರಿಸಿ 'ಹೌದು-ಇಲ್ಲ' ಕವಲುಗಳ ಮರದಂತೆ ಅಪಾಯ ಅಳೆಯುವ ಮಾದರಿಗಳನ್ನು ಅಲ್ಲಿ ಮಾಡಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಬರೀ ಜೀನ್‌ಗೆ ಜೋತುಬೀಳದೆ ರೋಗಿಯನ್ನು ಇಡಿಯಾಗಿ ನೋಡಿದ ಕೆಲಸ ಇದು. ಇನ್ನೊಂದು ವಿಚಿತ್ರವೂ ಅಲ್ಲೇ ಗೊತ್ತಾಯಿತು: ರಕ್ತಹೀನತೆಯಿಂದ ಪಾರಾದವರಲ್ಲಿ ಪ್ಲೇಟ್‌ಲೆಟ್ ಹೆಚ್ಚು ಕುಸಿಯುತ್ತಿತ್ತು. ರಕ್ತ ತೀರಾ ಇಳಿದಾಗ ದೇಹ ಪ್ಲೇಟ್‌ಲೆಟ್ ತಯಾರಿಕೆಯನ್ನೂ ಸ್ವಲ್ಪ ಚುರುಕು ಮಾಡುತ್ತದೆ. ಇವರಿಗೆ ಆ ಲಾಭ ಇಲ್ಲ.

ಹಾಗಿದ್ದರೆ ಯಾಕೆ ಬಳಸಲಿಲ್ಲ?

ಮೊದಲು ಲೆಕ್ಕ. ಐಡಿಯಲ್ ರೋಗಿಗಳಲ್ಲಿ ಕಿಣ್ವ ಕುಂದಿದವರು ಸುಮಾರು ಮೂರನೇ ಒಂದು ಭಾಗ. ಉಳಿದ ಮೂರನೇ ಎರಡು ಭಾಗಕ್ಕೆ ಪರೀಕ್ಷೆ ಹೇಳುವುದು 'ನಿಮಗೆ ರಕ್ಷಣೆ ಇಲ್ಲ' ಅಂತ. ಆದರೆ ಆ ಪ್ರಯೋಗದಲ್ಲಿ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಹೋದವರು 28.6 ಶೇಕಡಾ. ಅಂದರೆ 'ರಕ್ಷಣೆ ಇಲ್ಲ' ಎನಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಗೆರೆ ದಾಟಲೇ ಇಲ್ಲ. ಯಾರು ಸುರಕ್ಷಿತ ಅಂತ ಈ ಜೀನ್ ಚೆನ್ನಾಗಿ ಹೇಳುತ್ತದೆ. ಯಾರು ಬೀಳುತ್ತಾರೆ ಅಂತ ಹೇಳಲು ತಡವರಿಸುತ್ತದೆ. ಡಾಕ್ಟರಿಗೆ ಬೇಕಾಗಿದ್ದು ಎರಡನೆಯದು.

ಆಮೇಲೆ ಸಮಯ. ರಕ್ತ ಇಳಿಯುವುದು ಮೊದಲ ಎರಡು ವಾರದಲ್ಲೇ ಕಾಣಿಸಿಕೊಳ್ಳುತ್ತದೆ. 2 ಮತ್ತು 4ನೇ ವಾರ ಹಿಮೋಗ್ಲೋಬಿನ್ ಹೇಗೂ ನೋಡಲೇಬೇಕು, ಜೀನ್ ಏನೇ ಹೇಳಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಆದರೆ ನಿಜವಾದ ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ. ಇಷ್ಟೆಲ್ಲ ಮುನ್ಸೂಚನೆಗೆ ಹುಡುಕಾಡಿದ್ದರ ಹಿಂದೆ ಒಂದು ಭಯ ಇತ್ತು: ಡೋಸ್ ಇಳಿಸಿದರೆ ಕಾಯಿಲೆ ಗುಣವಾಗುವುದಿಲ್ಲ. 2002ರಿಂದ '80/80' ಮಾತು ಚಾಲ್ತಿಯಲ್ಲಿತ್ತು. 80 ಶೇಕಡಾ ಡೋಸನ್ನು 80 ಶೇಕಡಾ ಅವಧಿಯಾದರೂ ತಗೊಳ್ಳಬೇಕು. ಡೋಸ್ ಉಳಿಸಿಕೊಳ್ಳಲಿಕ್ಕೇ ಕೆಂಪು ಕಣ ಹೆಚ್ಚಿಸುವ ದುಬಾರಿ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಕೊಡುತ್ತಿದ್ದರು. ಐಡಿಯಲ್‌ನಲ್ಲಿ ರಕ್ತಹೀನತೆ ಬಂದವರಲ್ಲಿ ಅರ್ಧದಷ್ಟು ಜನ ಅಂಥ ಇಂಜೆಕ್ಷನ್ ಪಡೆದರು.

2010ರಲ್ಲಿ ಅದೇ ಪ್ರಯೋಗದ ಅಂಕಿಗಳನ್ನು ತಿರುವಿದಾಗ ಕಂಡಿದ್ದು: ಹಿಮೋಗ್ಲೋಬಿನ್ 3 ಗ್ರಾಂಗಿಂತ ಹೆಚ್ಚು ಇಳಿದವರಲ್ಲಿ ಗುಣವಾದವರು 43.7 ಶೇಕಡಾ. ಅಷ್ಟು ಇಳಿಯದವರಲ್ಲಿ 29.9. ರಕ್ತ ಇಳಿದವರೇ ಹೆಚ್ಚು ಗುಣವಾಗಿದ್ದರು! ಔಷಧಿ ದೇಹದೊಳಗೆ ಚೆನ್ನಾಗಿ ಸೇರಿದೆ ಅನ್ನುವುದಕ್ಕೆ ಅದು ಒಂದು ಗುರುತು ಇದ್ದಿರಬಹುದು. 2013ರಲ್ಲಿ, ಬೊಸೆಪ್ರೆವಿರ್ ಎಂಬ ಮೂರನೇ ಔಷಧಿಯನ್ನೂ ಸೇರಿಸಿದ ಚಿಕಿತ್ಸೆಯಲ್ಲಿ, ಡೋಸ್ ಇಳಿಸುವುದನ್ನು ನೇರವಾಗಿ ಪರೀಕ್ಷಿಸಿದರು. ರಕ್ತಹೀನತೆ ಬಂದ 500 ರೋಗಿಗಳು. ಅರ್ಧ ಜನಕ್ಕೆ ರೈಬಾವಿರಿನ್ ಇಳಿಸಿದರು, ಇನ್ನರ್ಧಕ್ಕೆ ಎರಿಥ್ರೋಪೊಯೆಟಿನ್ ಕೊಟ್ಟರು. ಎರಡೂ ಕಡೆ ಗುಣವಾದವರು 71 ಶೇಕಡಾದ ಆಸುಪಾಸು. ಡೋಸ್ ಇಳಿಸಿದ್ದರಿಂದ ನಷ್ಟವೇನೂ ಆಗಲಿಲ್ಲ.

ಅಲ್ಲಿಗೆ ಪರೀಕ್ಷೆಯ ಕಾಲಕೆಳಗಿನ ನೆಲವೇ ಹೋಯಿತು. ಜೀನ್ ವರದಿ ಕೈಗೆ ಬಂದರೂ ಮಾಡುವುದು ಅದೇ: ಪೂರ್ತಿ ಡೋಸ್ ಶುರು ಮಾಡು, ಎರಡು ವಾರಕ್ಕೆ ರಕ್ತ ನೋಡು, ಇಳಿದರೆ ಡೋಸ್ ಇಳಿಸು. ಐಎಲ್28ಬಿ ಪರೀಕ್ಷೆ ಹಾಗಲ್ಲ. ಒಂದು ವರ್ಷದ ಯಾತನೆಗೆ ಈಗಲೇ ಇಳಿಯುವುದೋ, ಹೊಸ ಔಷಧಿ ಬರುವವರೆಗೆ ಕಾಯುವುದೋ ಎಂಬ ತೀರ್ಮಾನವನ್ನೇ ಅದು ಬದಲಿಸುತ್ತಿತ್ತು. ಅದಕ್ಕೇ ಅದು ಬೇಗ ಲ್ಯಾಬ್‌ಗಳಿಗೆ ಬಂತು.

ಭಾರತಕ್ಕೆ ಬಂದರೆ

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ವೈರಸ್ಸಿಗೇ ನೇರವಾಗಿ ಹೊಡೆಯುವ ಮಾತ್ರೆ ಸೊಫೊಸ್ಬುವಿರ್‌ಗೆ ಅನುಮತಿ ಸಿಕ್ಕಿತು. 2015ರಲ್ಲಿ ಭಾರತದಲ್ಲಿ ಅದರ ಜೆನೆರಿಕ್ ಮಾತ್ರೆಗಳು ಬಂದವು. ನಮ್ಮಲ್ಲಿ ಜಾಸ್ತಿ ಇರುವುದು ಜೀನೋಟೈಪ್ 3. ಡಕ್ಲಟಾಸ್ವಿರ್ ಎಂಬ ಇನ್ನೊಂದು ಮಾತ್ರೆ ಬರುವ ತನಕ ಅದಕ್ಕೆ ಸೊಫೊಸ್ಬುವಿರ್ ಜೊತೆ 24 ವಾರ ರೈಬಾವಿರಿನ್ ಕೊಡುತ್ತಿದ್ದರು. ಇಂಟರ್‌ಫೆರಾನ್ ಇಲ್ಲದ್ದರಿಂದ ಮಜ್ಜೆ ಸ್ವತಂತ್ರವಾಗಿತ್ತು, ರಕ್ತ ಮೊದಲಿನಷ್ಟು ಇಳಿಯುತ್ತಿರಲಿಲ್ಲ. ಆದರೆ ಶುರುವಿನಲ್ಲೇ ರಕ್ತ ಕಮ್ಮಿ ಇದ್ದವರ ಕಥೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಜನಕ್ಕೆ ರಕ್ತಹೀನತೆ ಇತ್ತು. 11 ಗ್ರಾಂನಿಂದ ಶುರು ಮಾಡುವವರಿಗೆ 1.5 ಗ್ರಾಂ ಇಳಿದರೂ 10ರ ಗೆರೆ ದಾಟಿ ಹೋಗುತ್ತದೆ, ಜೀನ್ ಎಷ್ಟೇ ಒಳ್ಳೆಯದಿರಲಿ.

ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ) ಇರುವ ಮಕ್ಕಳದು ಇನ್ನೂ ಕಷ್ಟ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾಗಿದ್ದು 2001ರಲ್ಲಿ. ಅದಕ್ಕೂ ಮೊದಲು ಪದೇ ಪದೇ ರಕ್ತ ಹಾಕಿಸಿಕೊಂಡ ಅನೇಕರಿಗೆ ಆ ರಕ್ತದಿಂದಲೇ ವೈರಸ್ ಬಂದಿತ್ತು. ಲೇಬಲ್ ಪ್ರಕಾರ ಥಲಸ್ಸೇಮಿಯಾ ಮೇಜರ್ ಮತ್ತು ಸಿಕಲ್ ಸೆಲ್ (ಹಿಮೋಗ್ಲೋಬಿನ್ ದೋಷದಿಂದ ಕೆಂಪು ಕಣ ಕುಡುಗೋಲಿನಂತೆ ಬಾಗುವ) ಕಾಯಿಲೆ ಇರುವವರಿಗೆ ರೈಬಾವಿರಿನ್ ಕೊಡುವ ಹಾಗೇ ಇಲ್ಲ. ಚಾಮರಾಜನಗರದ ಸೋಲಿಗರಂಥ ಸಮುದಾಯಗಳಲ್ಲಿ ಸಿಕಲ್ ಸೆಲ್ ಇದೆ, ಹಾಗಾಗಿ ಅಲ್ಲಿ ರೈಬಾವಿರಿನ್ ಬರೆಯುವ ಮೊದಲು ನೋಡಬೇಕಾದ ಜೀನ್ ಐಟಿಪಿಎ ಅಲ್ಲ, ಹಿಮೋಗ್ಲೋಬಿನ್‌ನದು.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಸಿ ಔಷಧಿ ಉಚಿತ. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಇಲ್ಲದವರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಟಾಸ್ವಿರ್ 12 ವಾರ, ರೈಬಾವಿರಿನ್ ಬೇಕಿಲ್ಲ. ಅದು ಉಳಿದಿರುವುದು ಮುಖ್ಯವಾಗಿ ಲಿವರ್ ಕೈಕೊಟ್ಟು ಹೊಟ್ಟೆಯಲ್ಲಿ ನೀರು ತುಂಬಿದಂಥವರಿಗೆ: ಸೊಫೊಸ್ಬುವಿರ್-ವೆಲ್ಪಟಾಸ್ವಿರ್ ಜೊತೆ 12 ವಾರ. ಇದಕ್ಕೆ ಆಧಾರ 2015ರ ಆಸ್ಟ್ರಲ್-4 ಪ್ರಯೋಗ. ರೈಬಾವಿರಿನ್ ಸೇರಿಸಿದಾಗ 94 ಶೇಕಡಾ ಗುಣ, ಬಿಟ್ಟರೆ 83, ಬಿಟ್ಟು 24 ವಾರ ಕೊಟ್ಟರೆ 86. ಕಾಯಿಲೆ ಇಷ್ಟು ಮುಂದುವರಿದವರಲ್ಲಿ ಗುಲ್ಮ ಊದಿರುತ್ತದೆ, ಕಿಡ್ನಿ ಸೋತಿರುತ್ತದೆ, ರಕ್ತವೂ ಕಡಿಮೆ. ಯಾರಿಗೆ ರೈಬಾವಿರಿನ್ ಅತಿ ಹೆಚ್ಚು ಬೇಕೋ ಅವರಿಗೇ ಅದನ್ನು ತಡೆಯುವ ಶಕ್ತಿ ಅತಿ ಕಡಿಮೆ. ಹಾಗಾಗಿ ದಿನಕ್ಕೆ 600 ಮಿಲಿಗ್ರಾಂನಿಂದ ಶುರು ಮಾಡಿ, ರಕ್ತ ನೋಡುತ್ತಾ ನಿಧಾನಕ್ಕೆ ಏರಿಸುವುದು ರೂಢಿ. ತಡೆಯದಿದ್ದರೆ ಅದನ್ನು ಬಿಟ್ಟು 24 ವಾರದ ದಾರಿ ಇದೆ.

ಐಟಿಪಿಎ ಪ್ರಶ್ನೆ ಇನ್ನೂ ಜೀವಂತ ಇರುವ ಒಂದು ಜಾಗ ಅಂದರೆ ಅಂಗಾಂಗ ಕಸಿ ಮಾಡಿಸಿಕೊಂಡವರ ಹೆಪಟೈಟಿಸ್ ಇ. ನಮ್ಮಲ್ಲಿ ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಇ ಸಾಮಾನ್ಯವಾಗಿ ಬಂದು ಹೋಗುವ ಕಾಮಾಲೆ. ಯುರೋಪಿನಲ್ಲಿರುವ ಹೆಪಟೈಟಿಸ್ ಇ ವೈರಸ್ಸಿನ ಜೀನೋಟೈಪ್ 3 ಹಾಗಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಿನ್ನುವವರ ಲಿವರ್‌ನಲ್ಲಿ ಅದು ಖಾಯಂ ಕೂರಬಲ್ಲದು. ಅದಕ್ಕೆ ಸೊಫೊಸ್ಬುವಿರ್‌ನಂಥ ರಾಮಬಾಣ ಇನ್ನೂ ಇಲ್ಲ, ಕೈಯಲ್ಲಿರುವುದು ಮುಖ್ಯವಾಗಿ ರೈಬಾವಿರಿನ್. 2014ರಲ್ಲಿ ಇಂಥ 59 ರೋಗಿಗಳ ವರದಿ ಬಂತು. 78 ಶೇಕಡಾ ಜನ ಗುಣವಾದರು. ಮುಖ್ಯ ತೊಂದರೆ ಮತ್ತೆ ಅದೇ ರಕ್ತಹೀನತೆ. ಕಸಿ ಮಾಡಿಸಿಕೊಂಡವರಲ್ಲಿ ಕೆಲವರು ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಿಯೊಪ್ರಿನ್ ಕೂಡ ತಗೊಳ್ಳುತ್ತಿರುತ್ತಾರೆ. ರೈಬಾವಿರಿನ್ ಎದುರು ರಕ್ಷಣೆ ಕೊಡುವ ಇದೇ ಐಟಿಪೇಸ್ ಕೊರತೆ ಅಜಾಥಿಯೊಪ್ರಿನ್‌ನ ಅಡ್ಡಪರಿಣಾಮ ಹೆಚ್ಚಿಸುತ್ತದೆ ಅಂತ ಕೆಲವು ಅಧ್ಯಯನಗಳು ಹೇಳಿವೆ, ಕೆಲವು ಇಲ್ಲ ಅಂದಿವೆ. ಒಬ್ಬನೇ ರೋಗಿ ಎರಡೂ ಔಷಧಿ ತಗೊಳ್ಳುವಾಗ ಆ ಜೀನ್ ವರದಿಯನ್ನು ಯಾವ ಕಡೆಯಿಂದ ಓದಬೇಕು ಅನ್ನುವುದು ಹೆಪಟೈಟಿಸ್ ಸಿ ಕಾಲದಲ್ಲಿ ಕೇಳದೇ ಉಳಿದ ಪ್ರಶ್ನೆ.